ಗ್ವಾಡಿ ನೋಡುವ ಚಿಗವ್ವ

ನಮ್ಮ ಚಿಗವ್ವನಷ್ಟು ಸಿನಿಮಾ ನೋಡಿದವರು ಬೀದರ್ ಶಹರಿನಲ್ಲಿ ಇರಲಿಕ್ಕಿಲ್ಲ. ಅವಳಷ್ಟು ಕಡಿಮೆ ಸಿನಿಮಾ ನೋಡಿದವರೂ ಇರಲಿಕ್ಕಿಲ್ಲ! ಗೊಂದಲವಾಯಿತೇ? ಟೀವಿಯ ಮುಂದೆ ಕೂತಾಗ ಅವಳು ನಾಯಕನನ್ನು ನೋಡುವುದಿಲ್ಲ, ನಾಯಕಿಯನ್ನು ನೋಡುವುದಿಲ್ಲ, ಯಾರು ಯಾರ ಕುತ್ತಿಗೆ ಹಿಸುಕಿದರೂ ಆ ಕಡೆ ತಿರುಗುವುದಿಲ್ಲ. ಅವಳು ನೋಡುವುದು ಅವರೆಲ್ಲರ ಹಿಂದಿರುವ ಗ್ವಾಡಿಯನ್ನು. ಗ್ವಾಡಿ ಎಂದರೆ ನಿಮ್ಮ ಗೋಡೆ. ನಮ್ಮ ಕಡೆ ಅದನ್ನು ಗೋಡೆ ಎಂದರೆ ನೆಟ್ಟಗೆ ನಿಲ್ಲುವುದಿಲ್ಲ.

ಒಮ್ಮೆ ನಾಯಕನೊಬ್ಬ ದಾಂಡಿಗರ ಹಿಂಡನ್ನೇ ಎತ್ತಿ ಎತ್ತಿ ಒಗೆಯುತ್ತಿದ್ದ. ನಾನೂ ಅವ್ವನೂ ಉಸಿರು ಬಿಗಿಹಿಡಿದಿದ್ದೆವು. ಕೊನೆಯವನು ಹೋಗಿ ಗೋಡೆಗೆ ಅಪ್ಪಳಿಸಿದ.

“ನಡಗ್ತು! ಗ್ವಾಡಿ ನಡಗ್ತು!” ಎಂದು ಚಿಗವ್ವ ಎದ್ದೇ ನಿಂತಳು. “ಹಲಗಿ ಅದು. ಮ್ಯಾಲ ಬಣ್ಣಾ ಬಡದಾರ. ಒಣಗಲಾಕೂ ಬಿಟ್ಟಿಲ್ಲ, ಆ ಹುಡುಗನ ಬೆನ್ನ ನೋಡ್ರಿ, ಹಸರ ಹತ್ಯಾದ!”

ನಿಜ, ಹತ್ತಿತ್ತು. ಅಂದಿನಿಂದ ನನಗೆ ಯಾವ ಹೊಡೆದಾಟವೂ ರುಚಿಸಿಲ್ಲ.

ಇಂಥ ಕಣ್ಣು ಹುಟ್ಟಿನಿಂದ ಬರುವುದಿಲ್ಲ, ಮದುವೆಯಿಂದ ಬರುತ್ತದೆ. ಅವಳ ಗಂಡ, ನಮ್ಮ ಕಾಕಾ, ಔರಾದದಲ್ಲಿ ಪೇಂಟರ್. ಮದುವೆ ಮುಂಜಿಗೆ ಯಾರ ಮನೆಗೆ ಸುಣ್ಣ ಬಣ್ಣವಾದರೂ ಕಾಕಾನೇ ಬೇಕು. ಕೆಮ್ಮಣ್ಣು ಕಲಸಿ ಗೋಡೆಯ ಬುಡಕ್ಕೆ ಪಟ್ಟಿ ಎಳೆದನೆಂದರೆ ದಾರ ಹಿಡಿದಂತೆ ನೇರ. ಒಂದು ಮನೆ ಬಿಟ್ಟು, ಅವನದೇ ಮನೆ! ಅಲ್ಲಿ ಬಾಗಿಲಿನ ಬಲಕ್ಕೆ ಪಟ್ಟಿ ಇದ್ದಕ್ಕಿದ್ದಂತೆ ಕೆಳಗೆ ಜಾರಿ, ನಾಚಿಕೊಂಡು ಮತ್ತೆ ಮೇಲೇರುತ್ತದೆ. ಮದುವೆಯ ಹೊಸದರಲ್ಲಿ ಅವನು ಪಟ್ಟಿ ಎಳೆಯುತ್ತಿದ್ದಾಗ ಇವಳು ಚಹಾ ತಂದಳಂತೆ. ಅವನು ತಿರುಗಿ ನೋಡಿದನಂತೆ. ಕೈ ಮಾತ್ರ ಗೋಡೆಯ ಮೇಲೇ ಇತ್ತಂತೆ.

“ಊರ ಮಂದಿ ಮನಿಗೆಲ್ಲಾ ನೆಟ್ಟಗ, ನನ್ನ ಮನಿಗಿ ಸೊಟ್ಟ!” ಎಂದು ಚಿಗವ್ವ ಇದನ್ನು ದೂರಿನ ಧಾಟಿಯಲ್ಲೇ ಹೇಳುವುದು. ಸರಿಮಾಡುತ್ತೇನೆಂದು ಕಾಕಾ ಬ್ರಶ್ ಹಿಡಿದಾಗಲೆಲ್ಲ ಅದನ್ನು ಕಸಿದು ಅಟ್ಟಕ್ಕೆ ಎಸೆದವಳೂ ಅವಳೇ. ಕೇಳಿದರೆ, “ಬಣ್ಣಾ ದಂಡ ಆಗ್ತದ” ಎನ್ನುತ್ತಾಳೆ.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವವರು ಸುಣ್ಣ ಕಲಸಲು ನೀರೆಲ್ಲಿಂದ ತರಬೇಕು? ಕಾಕಾನ ಬ್ರಶ್ಶುಗಳು ಒಣಗಿ ಕಸಬರಿಗೆಯಾದವು. ಬಸ್ಸು ಬಸ್ಸು ತುಂಬಿ ಹೈದರಾಬಾದಿಗೆ ಹೊರಟವರ ನಡುವೆ ಅವನೂ ನಿಂತುಕೊಂಡೇ ಹೋದ. ಸ್ವಲ್ಪ ದಿನಕ್ಕೆ ಫೋನು ಬಂತು. “ಸೆಟ್‌ನಾಗ ಹತ್ತೇನಿ,” ಎಂದ, ಲೈನು ಕಡಿದುಹೋಯಿತು.

ನಮ್ಮ ಕಡೆ ಸೆಟ್ ಎಂಬ ಮಾತಿಗೆ ಒಂದೇ ಅರ್ಥ. ಗಂಡಸು ಸೆಟ್ ಆದ ಅಂದರೆ ಕೆಲಸ ಸಿಕ್ಕಿತು, ಇರಲು ಖೋಲಿ ಸಿಕ್ಕಿತು, ಇನ್ನು ಹೆಂಡತಿಯನ್ನು ಕರೆಸಿಕೊಳ್ಳುವುದೊಂದೇ ಬಾಕಿ. “ನಮ್ಮೋರು ಸೆಟ್ ಆದ್ರು!” ಎಂದು ಚಿಗವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಮನೆಗೆ ಬೀಗ ಜಡಿದು, ಟ್ರಂಕಿನ ಸಮೇತ ಬೀದರಿಗೆ ನಮ್ಮ ಮನೆಗೆ ಬಂದಿಳಿದಳು. ಔರಾದಕ್ಕೆ ರೈಲಿಲ್ಲ, ಬೀದರಿಗಿದೆ. ಗಂಡ ಬಾ ಅಂದ ಕೂಡಲೇ ಹತ್ತಬಹುದಲ್ಲ!

ಮುಂದಿನ ಫೋನಿನಲ್ಲಿ ಕಾಕಾ ತಲೆ ತಲೆ ಚಚ್ಚಿಕೊಂಡ. “ಹುಚ್ಚಿ, ನಾ ಸೆಟ್ ಆಗಿಲ್ಲ. ಸೆಟ್‌ನಾಗ ಕೆಲಸಕ್ಕ ಹತ್ತೇನಿ. ಟೀವಿಯಾಗ ತೋರಸ್ತಾರಲ್ಲ ಮನಿ, ಆ ಸೆಟ್. ಹಲಗೀವು. ಬಣ್ಣಾ ಹಚ್ಚೋದು, ಕತಿ ಮುಗದ್ರ ಮುರದ ಒಗಿಯೋದು.”

“ಮನಿ ಮುರದ ಒಗೀತಾರ್ರಿ?”

“ಮನಿ ಎಲ್ಲಿಂದು? ಮೂರೇ ಗ್ವಾಡಿ ಇರ್ತಾವ. ನಾಲ್ಕನೇದ್ದರ ಜಾಗಾದಾಗ ಕ್ಯಾಮೆರಾ.”

ಭೂಮಿಯ ಮೇಲೆ ಸೆಟ್ಟಿನಷ್ಟು ಸೆಟ್ ಆಗದ ವಸ್ತು ಇನ್ನೊಂದಿಲ್ಲ ಎಂದು ಚಿಗವ್ವನಿಗೆ ತಿಳಿದದ್ದು ಹೀಗೆ. ಆದರೆ ಹಂಚಿದ ಸಕ್ಕರೆಯನ್ನು ಓಣಿಯ ಬಾಯಿಂದ ವಾಪಸು ತೆಗೆಯಲಾದೀತೇ? ಔರಾದಕ್ಕೆ ಹಿಂದಿರುಗಲು ಮುಖವಿಲ್ಲ. ಹೈದರಾಬಾದಿಗೆ ಹೋಗೋಣವೆಂದರೆ ಕಾಕಾ ಐದಾರು ಜನರೊಂದಿಗೆ ಒಂದೇ ಖೋಲಿಯಲ್ಲಿ ಮಲಗುತ್ತಾನೆ. ಅವನು ಅಲ್ಲಿಗೆ ಕರೆಯುತ್ತಾನೋ, ತಾನೇ ಇಲ್ಲಿಗೆ ಬರುತ್ತಾನೋ, ಅದೊಂದು ತೀರ್ಮಾನಕ್ಕಾಗಿ ಚಿಗವ್ವನ ಟ್ರಂಕು ಬಿಚ್ಚದೆ ನಮ್ಮ ಮಂಚದ ಕೆಳಗೆ ಕಾದಿತ್ತು. ಚಿಗವ್ವ ಮಂಚದ ಮೇಲೆ ಟೀವಿ ನೋಡುತ್ತ ಕಾದಿದ್ದಳು. ಕಾಕಾ ಬಣ್ಣ ಹಚ್ಚಿದ್ದು ಯಾವ ಕಥೆಗೆ? “ನಮಗ ಯಾರ ಹೇಳ್ತಾರ?” ಎಂದುಬಿಟ್ಟಿದ್ದ. ಹಾಗಾಗಿ ಪಾಪ, ಅವಳು ಎಲ್ಲವನ್ನೂ ನೋಡಬೇಕಾಯಿತು. ಕನ್ನಡ, ತೆಲುಗು, ಹಿಂದಿ, ಯಾವುದನ್ನೂ ಬಿಡುವಂತಿರಲಿಲ್ಲ.

ಸಂಜೆಯ ಧಾರಾವಾಹಿಗೆ ಪಕ್ಕದ ಮನೆಯ ಖಾಲಾ ಬರುತ್ತಿದ್ದರು. ಖಾಲಾಗೆ ಕಥೆ ಬೇಕು, ಕಣ್ಣೀರು ಬೇಕು. ತೆರೆಯ ಮೇಲೆ ಅತ್ತೆ ಸೊಸೆಯ ಹಾಲಿಗೆ ವಿಷ ಹಾಕುತ್ತಿದ್ದರೆ ಇತ್ತ ಚಿಗವ್ವನ ಅಭಿಪ್ರಾಯ:

“ಇಷ್ಟ ದೊಡ್ಡ ಮನಿ, ಗ್ವಾಡಿಗಿ ಒಂದ ಮೊಳಿ ಇಲ್ಲ, ಕ್ಯಾಲೆಂಡರ್ ಇಲ್ಲ. ಯಾರೂ ತಲಿ ಹಚ್ಚಿ ಕೂತಿದ್ದ ಎಣ್ಣಿ ಕಲೆ ಇಲ್ಲ. ಹಾಲಿನಾಕಿ ಲೆಕ್ಕಕ್ಕ ಗ್ವಾಡಿ ಮ್ಯಾಲ ಗೀಟು ಎಲ್ಲಿ ಎಳೀತಾರ?”

“ಅಗೇ ಮಾ, ಹಾಲಿನಾಗ ಜಹರ್ ಹಾಕ್ಲತ್ತಾಳ, ನಿನಗ ಹಾಲಿನ ಲೆಕ್ಕಾ!” ಖಾಲಾ ಹಣೆ ಬಡಿದುಕೊಂಡರು. “ಗ್ವಾಡಿ ನೋಡಲಾಕ ಟೀವಿ ಯಾಕ? ನಮ್ಮ ಮನಿಗಿ ಬಾ, ನಾಲ್ಕೂ ಕಡಿ ತೋರಸ್ತೇನಿ, ಮುಫ್ತ್!”

“ನಿಮ್ಮ ಗ್ವಾಡಿ ಬಣ್ಣಾ ಪೋಪಡಿ ಎದ್ದ ಉದುರ್ಲತ್ತದ ಖಾಲಾ. ನಮ್ಮೋರು ಬಂದ ಮ್ಯಾಲ ಹಚ್ಚಿಸಿಕೊಡ್ತೇನಿ.”

ದೆವ್ವದ ಸಿನಿಮಾದಲ್ಲಿ ದೆವ್ವ ಗೋಡೆಯೊಳಗಿಂದ ತೂರಿ ಬಂದಾಗ ಖಾಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಚಿಗವ್ವ ಮಾತ್ರ ಮೆಚ್ಚಿದಳು: “ಭಾಳ ಸಭ್ಯ ದೆವ್ವ. ಬಣ್ಣಕ್ಕ ಕೈ ಹಚ್ಚಲಿಲ್ಲ.” ಮಳೆಯ ಹಾಡು ಬಂದರೆ ಓಣಿಗೆ ವಾರದಿಂದ ನಳ ಬಂದಿಲ್ಲದ ಸಿಟ್ಟು ಎಲ್ಲರಿಗೂ. “ಈಕಿ ಕುಣದ ಚೆಲ್ಲಿದ ನೀರಿನಾಗ ನಮ್ಮ ಓಣಿ ಹಬ್ಬಾ ಮಾಡ್ತಿತ್ತು,” ಎಂದು ಖಾಲಾ. ಅವ್ವನಂತೂ ಆ ಸದ್ದಿಗೆ ಮೋಸಹೋಗಿ ಕೊಡ ಹಿಡಿದು ನಳಕ್ಕೇ ಓಡಿದ್ದಳು. ಚಿಗವ್ವ ನಾಯಕಿಯ ಹಿಂದೆ ಕಣ್ಣು ನೆಟ್ಟು, “ಸುಣ್ಣಾ ಇಳೀಲತ್ತದ,” ಎಂದು ನಿಟ್ಟುಸಿರಿಟ್ಟಳು.

ಮನೆಯಲ್ಲಾದರೆ ಸರಿ. ಭಾಲ್ಕಿಗೆ ನೆಂಟರ ಮನೆಗೆ ಹೋದಾಗ ಥಿಯೇಟರಿಗೂ ಕರೆದೊಯ್ದ ತಪ್ಪು ಯಾರದೋ! ನಾಯಕ ಎಷ್ಟೋ ವರ್ಷಗಳ ಮೇಲೆ ತಾಯಿಯ ಮನೆಗೆ ಬಂದಿದ್ದಾನೆ. ಬಾಗಿಲ ಮುಂದೆ ನಿಂತಿದ್ದಾನೆ. ಸಂಗೀತ ನಿಂತಿದೆ. ಥಿಯೇಟರ್ ತುಂಬ ಮೂಗು ಒರೆಸುವ ಸದ್ದು. ಆಗ ನಮ್ಮ ಸಾಲಿನಿಂದ ಕೇಳಿಬಂತು:

“ಒಳಗ ಹೋಗಬ್ಯಾಡೋ ಯಪ್ಪಾ, ಹಿಂದ ಏನೂ ಇಲ್ಲ!”

ಮುಂದಿನ ಸಾಲಿನ ಗಂಡಸು ಕೆಂಗಣ್ಣಿನಿಂದ ತಿರುಗಿದ. “ಯವ್ವಾ, ಟಿಕೇಟ್ ತಗಸಿ ಬಂದೀವಿ. ಸಮಾಧಾನಲೆ ಅಳ್ಲಾಕ ಬಿಡ್ರಿ!”

ನಾನು ಎಮ್.ಎ. ಓದಿದವಳು, ಜನರೆದುರು ದನಿ ಎತ್ತುವವಳಲ್ಲ. ಉಳಿದ ಸಿನಿಮಾವನ್ನು ಅಪರಿಚಿತಳಂತೆ ಎರಡು ಕುರ್ಚಿ ಆಚೆ ಕೂತು ನೋಡಿದೆ.

ಹೀಗಿರುವಾಗ ಒಂದು ಸಂಜೆ ಹೊಸ ಧಾರಾವಾಹಿ ಶುರುವಾಯಿತು. ಹಳ್ಳಿಯ ಮನೆ. ರೇಷ್ಮೆ ಸೀರೆ ಉಟ್ಟು ರೊಟ್ಟಿ ಬಡಿಯುವ ನಾಯಕಿ. ಅದನ್ನು ಆಡಿಕೊಳ್ಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ಮಂಚದಿಂದ ಇಳಿದಿದ್ದಳು. ಟೀವಿಯ ಹತ್ತಿರ, ತೀರ ಹತ್ತಿರ ಹೋಗಿ ಕೂತಳು. ಬಿಳಿ ಗೋಡೆ. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಬಾಗಿಲು. ಬಾಗಿಲಿನ ಬಲಕ್ಕೆ ಸರಿಯಾಗಿ ನಾಯಕಿ ಬಂದು ಒರಗಿ ಕೂತು ಅಳತೊಡಗಿದಳು.

“ಸರಿಯಬೇ,” ಎಂದಳು ಚಿಗವ್ವ. “ಏ, ಆ ಕಡಿ ಸರಿ!”

ನಾಯಕಿ ಸರಿಯಲಿಲ್ಲ. ಅವಳಿಗೆ ಅವಳ ದುಃಖ.

“ಕ್ಯಾ ಹುವಾ?” ಎಂದು ಬಂದ ಖಾಲಾ ಚಿಗವ್ವನ ಮುಖ ನೋಡಿದರು, ಟೀವಿ ನೋಡಿದರು. ತಾವೂ ಪಕ್ಕದಲ್ಲಿ ಕೂತು ಗದರಿದರು: “ಹಟ್ ಗೇ! ಎಷ್ಟ ಅಳ್ತಿ!”

ಕೊನೆಗೆ ಅವಳು ಎದ್ದಳು. ಪಟ್ಟಿ ನೇರ ಬಂದು, ಬಾಗಿಲಿನ ಬಲಕ್ಕೆ ಕೆಳಗೆ ಜಾರಿ, ನಾಚಿಕೊಂಡು ಮತ್ತೆ ಮೇಲೇರಿತ್ತು.

ಜಾಹೀರಾತು ಬಂತು. ಚಿಗವ್ವ ನನ್ನ ಮುಂದೆ ಕೈ ಚಾಚಿದಳು. ನಾನು ನಂಬರ್ ಒತ್ತಿ ಕೊಟ್ಟೆ. ಫೋನನ್ನು ಕಿವಿಗಿಡುವ ರೂಢಿ ಅವಳಿಗಿಲ್ಲ. ಸ್ಪೀಕರ್ ಹಾಕಿ ಅಂಗೈಯಲ್ಲಿ ತಟ್ಟೆಯಂತೆ ಹಿಡಿಯುತ್ತಾಳೆ. ಹೀಗಾಗಿ ಎಲ್ಲರೂ ಕೇಳಿಸಿಕೊಂಡೆವು.

“ಬಾಗಲಾ ಬಲಕ್ಕ ಸೊಟ್ಟ ಹೋಗ್ಯಾದ,” ಎಂದಳು.

ಆ ಕಡೆ ಕಾಕಾನ ದನಿ: “ನೋಡ್ದೇನು?”

“ಸಾಹೇಬ ಬೈಲಿಲ್ರಿ?”

“ಬೈದ. ನೆಟ್ಟಗ ಮಾಡು ಅಂದ. ನಮ್ಮ ಕಡಿ ಮನಿ ಹಿಂಗೇ ಇರ್ತಾವ್ರಿ ಅಂದೆ.”

“ಅದೂ ಮುರೀತಾರೇನ್ರಿ?”

“ಕತಿ ಮುಗದ್ರ ಮುರೀತಾರ. ನನ್ನ ಕೈಲೇ ಮುರಸ್ತಾರ.”

“ಮೂರೇ ಗ್ವಾಡಿ?”

“ಮೂರೇ.”

ಚಿಗವ್ವ ಬಗ್ಗಿ ಒಂದು ಕೈಯಿಂದ ಮಂಚದ ಕೆಳಗಿನ ಟ್ರಂಕು ಎಳೆದಳು. “ನಾಲ್ಕನೇದ್ದು ಔರಾದದಾಗ ಅದ್ರಿ. ನಾ ನಾಳಿ ಹೋಗಿ ಬೀಗಾ ತೆಗೀತೇನಿ.”

“ಮಂದಿ ನಗ್ತಾರಲ್ಲ?”

“ನಗಲಿ. ಸಕ್ಕರಿ ತಿಂದಾರ.”

“ನೀರಿಗಿ?”

“ಟ್ಯಾಂಕರ್ ಬರ್ತದ. ಎಲ್ಲಾರೂ ಹ್ಯಾಂಗ ಇದ್ದಾರ, ನಾವೂ ಹಂಗ.”

ಕಾಕಾನ ಹಿಂದೆ ಯಾರೋ ಹಲಗೆಗೆ ಮೊಳೆ ಹೊಡೆಯುವ ಸದ್ದು. “ಈ ಕೆಲಸ ಮುಗಿಸಿ ಬರ್ತೇನಿ. ಬರ್ತಾ ಸುಣ್ಣಾ, ಬಣ್ಣಾ ಏನರೆ ತರ್ಲೇನು?”

“ಗ್ವಾಡಿಗಿ ಕೈ ಹಚ್ಚಬ್ಯಾಡ್ರಿ,” ಎಂದಳು ಚಿಗವ್ವ. “ನೀವಷ್ಟೇ ಬರ್ರಿ. ಚಹಾ ಇಡ್ತೇನಿ.”