ಕಾರ್ಡಿನ ಹೆಸರು ನಾನೇ ಬರೆದಿದ್ದೆ

ಬೇರೆಯವರ ಸೋಮಾರಿತನ ನನ್ನ ಕಣ್ಣಿಗೆ ಬಲುಬೇಗ ಬೀಳುತ್ತದೆ. ನನ್ನದಕ್ಕೆ ಮಾತ್ರ ಜಾಣತನ ಎಂದು ಹೆಸರಿಟ್ಟುಕೊಂಡಿದ್ದೇನೆ. ಸುರಪುರದ ಹತ್ತಿರ ಒಂದು ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿನ ಲಿನಕ್ಸ್ ಕಂಪ್ಯೂಟರಿಗೆ ಬೇರೆ ಯಾರೂ ಕೈ ಹಚ್ಚದ ಕಾರಣ ನಾನೇ ಪಂಡಿತ. ಅದು ಬೆಳಿಗ್ಗೆ ಏಳುವಾಗ ಏನೇನು ಮಾಡಬೇಕೆಂದು ಹೇಳುವ ಸ್ಟಾರ್ಟಪ್ ಸ್ಕ್ರಿಪ್ಟನ್ನೂ ನಾನೇ ಬರೆದಿದ್ದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಳಗೆ ಯಾವುದು ಇದೆಯೆಂದು ಯಂತ್ರವನ್ನೇ ಕೇಳಿ, ಅದನ್ನು ನಡೆಸುವ ತಕ್ಕ ತಂತ್ರಾಂಶ, ಅಂದರೆ ಡ್ರೈವರ್, ಹಾಕುವುದು ಪದ್ಧತಿ. ದಿನಾ ಕೇಳುವುದೇನು, ಇದ್ದದ್ದು ಎಲ್ಲಿಗೆ ಓಡಿಹೋಗುತ್ತದೆ ಎಂದು ನಾನು ಕಾರ್ಡಿನ ಹೆಸರನ್ನೇ ಬರೆದುಬಿಟ್ಟಿದ್ದೆ. ನಾಲ್ಕು ಸೆಕೆಂಡು ಉಳಿಯಿತೆಂದು ಹೆಮ್ಮೆ ಬೇರೆ. ಆ ನಾಲ್ಕು ಸೆಕೆಂಡಿನಲ್ಲಿ ಮಾಡಿದ ಘನಕಾರ್ಯವೇನೆಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಮೊನ್ನೆ ಸಿಡಿಲಿಗೆ ಆ ಕಾರ್ಡ್ ಸುಟ್ಟಿತು. ಶಹಾಪುರದ ಮೆಕ್ಯಾನಿಕ್ ನಿನ್ನೆ ಬೇರೆ ಕಂಪನಿಯದೊಂದನ್ನು ಕೂಡಿಸಿ ಹೋದ. ಇವತ್ತು ಬೆಳಿಗ್ಗೆ ಗುಂಡಿ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಎದುರಿನ ಬೆಂಚಿನಲ್ಲಿ ಶಾಂತಮ್ಮ ಕೂತಿದ್ದಳು. ಕಾಲುವೆಯ ಕಟ್ಟಕಡೆಗೆ ಎರಡೆಕರೆ ಮೆಣಸಿನಗಿಡ ಹಚ್ಚಿದವಳು.

"ನಾಳಿ ಮುಂಜಾನಿ ನನ್ನ ನೀರಿನ ಪಾಳಿ ಐತ್ರಿ ಸಾಹೇಬ್ರ. ನಿಮ್ಮ ಕಚೇರಿ ಕಾಗದ ತೋರಸ್ಲಿಲ್ಲಂದ್ರ ಮ್ಯಾಲಿನ ಹೊಲದಂವ ತೂಬು ಮುಚ್ಚಂಗಿಲ್ಲ. ಈ ಪಾಳಿ ತಪ್ಪಿದ್ರ ಗಿಡ ಉಳಿಯಂಗಿಲ್ರಿ."

ಕೈಬರಹದ ಚೀಟಿ ನಡೆಯದು ಎಂದು ಊರೂರಿಗೆ ಸಾರಿದವರು ನಾವೇ. ಪಾಳಿಯ ಪಟ್ಟಿಯೂ ಆ ಕಪ್ಪು ಪರದೆಯ ಹಿಂದೆಯೇ ಇತ್ತು. ಹಾಗಾಗಿ ಮೆಕ್ಯಾನಿಕ್‌ನನ್ನು ಬೈದೆ, ಹೊಸ ಕಾರ್ಡನ್ನು ಬೈದೆ.

ಬಾಗಿಲಲ್ಲಿ ಗೇಜ್ ನೋಡುವ ಬಸಪ್ಪ ನಿಂತಿದ್ದ. ದಿನಾ ಕಾಲುವೆಗೆ ಹೋಗಿ ನೀರಿನ ಎತ್ತರ ಬರೆದು ತರುವುದು ಅವನ ಕೆಲಸ. ಹೋದ ವಾರ ಮೊಣಕಾಲು ನೋವೆಂದು ಎರಡು ದಿನ ಮನೆಯಲ್ಲೇ ಕೂತು, ಹಿಂದಿನ ಅಳತೆಯನ್ನೇ ಬರೆದುಕೊಟ್ಟಿದ್ದ. "ನೋಡಿ ಬರದೀಯೋ, ನೋಡ್ಲಾರ್ದ ಬರದೀಯೋ?" ಎಂದು ಎಲ್ಲರೆದುರು ಗದರಿಸಿ, ಅವನಿಗೊಂದು ನೋಟಿಸನ್ನೂ ಟೈಪ್ ಮಾಡಿಟ್ಟಿದ್ದೆ. ಸಿಡಿಲು ಹೊಡೆಯದಿದ್ದರೆ ಅದು ಅವನ ಕೈ ಸೇರಿರುತ್ತಿತ್ತು.

"ಒಳಗ ಯಾವ ಕಾರ್ಡ್ ಐತಿ ಅಂತ ಅದಕ್ಕ ಹೆಂಗ ತಿಳೀತೈತ್ರಿ ಸರ?" ಎಂದು ಬಸಪ್ಪ ಕೇಳಿದ.

"ನಾನ ಬರದಿಟ್ಟೀನಿ."

ಅವನು ಮೊಣಕಾಲು ತಿಕ್ಕಿಕೊಳ್ಳುತ್ತ ಮೆಲ್ಲಗೆ ಕೇಳಿದ: "ನೋಡಿ ಬರದೀರೋ, ನೋಡ್ಲಾರ್ದ ಬರದೀರೋ?"

ಕುಹಕವಿದ್ದಿದ್ದರೆ ಜಗಳವಾಡಬಹುದಿತ್ತು, ಪಾಪ, ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಯಂತ್ರವನ್ನು ಆ ಡ್ರೈವರ್ ಇಲ್ಲದೆ ಬರೀ ಅಕ್ಷರ ತೋರಿಸುವ ರೀತಿಯಲ್ಲಿ ಎಬ್ಬಿಸಿದೆ. ಸ್ಕ್ರಿಪ್ಟಿನಲ್ಲಿದ್ದ ಸುಟ್ಟ ಕಾರ್ಡಿನ ಹೆಸರನ್ನು ಅಳಿಸಿ, ಯಾವ ಕಾರ್ಡ್ ಇದೆಯೆಂದು ಕೇಳುವ ಸಾಲು ಬರೆದೆ. ಮತ್ತೆ ಗುಂಡಿ ಒತ್ತಿ, ನಾಲ್ಕು ಸೆಕೆಂಡು ಕಾದೆ. ಪರದೆ ಬೆಳಗಿತು.

ಶಾಂತಮ್ಮ ಅಚ್ಚಾಗಿ ಬಂದ ಪಾಳಿಯ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಹೋದಳು. ಬಸಪ್ಪ ಕುಂಟುತ್ತ ಕಾಲುವೆಯ ಕಡೆ ಹೊರಟ. ನಾನು ನೋಟಿಸನ್ನು ತೆರೆದು ಅವನ ಹೆಸರು ಅಳಿಸಿದೆ. ಖಾಲಿ ಜಾಗದಲ್ಲಿ ಯಾರ ಹೆಸರು ಬರಬೇಕೆಂದು ತಿಳಿಯಲು ಎಲ್ಲಿಗೂ ಹೋಗಿ ನೋಡಬೇಕಾಗಿರಲಿಲ್ಲ.