ಮೋಟೆಬೆನ್ನೂರ ಕ್ರಾಸಿನ ಕಾವಲು

ದೊಡ್ಡವ್ವ ಗುತ್ತೆವ್ವ ತೀರಿಕೊಂಡ ಸುದ್ದಿ ದುರ್ಗೇಶನಿಗೆ ಮುಟ್ಟಿದ್ದು, ಅವನ ಫೋನು ಅಧಿಕಾರಿಯ ಚೀಲ ಸೇರುವುದಕ್ಕೆ ಒಂದು ಗಳಿಗೆ ಮುಂಚೆ. ಗುತ್ತಲದಿಂದ ಸೋದರಮಾವ ಹುಲಿಗೇಶ ಅಳುತ್ತಲೇ ಹೇಳಿದ:

"ನಸುಕಿನ್ಯಾಗ ಹ್ವಾದ್ಳೋ ದುರ್ಗ್ಯಾ. ಹೊತ್ತು ಮುಳುಗೂದ್ರಾಗ ಮಣ್ಣು ಮಾಡತೀವಿ. ಮದಲಿನ ಹಿಡಿ ನೀನ ಹಾಕಬೇಕಂತ ಆಕಿ ಹೇಳಿ ಹೋಗ್ಯಾಳ. ಲಗೂನ..."

ಅಷ್ಟರಲ್ಲಿ ಅಧಿಕಾರಿ ಚೇತನಕುಮಾರ ಫೋನನ್ನು ತೆಗೆದುಕೊಂಡು ಚೀಲಕ್ಕೆ ಹಾಕಿ ಮೊಹರು ಒತ್ತಿದ.

ದುರ್ಗೇಶ ಎಲ್ಲೋ ದೂರದ ಒಂದು ಅಣುವಿದ್ಯುತ್ ಸ್ಥಾವರದ ಕಾವಲುಗಾರ. ಮುಪ್ಪಾದ ಆ ಸ್ಥಾವರ ಕೆಲಸ ನಿಲ್ಲಿಸಿತ್ತು. ಅದನ್ನೀಗ ತುಂಡುತುಂಡಾಗಿ ಬಿಚ್ಚುತ್ತಿದ್ದರು. ಕರೆಂಟು ನಿಂತರೂ ಕಾವಲು ನಿಂತಿರಲಿಲ್ಲ. ವಯಸ್ಸಾದವರ ಮನೆಯಲ್ಲಿ ಔಷಧದ ಬಾಟಲಿಗಳು ಹೆಚ್ಚುವಂತೆ, ಸ್ಥಾವರ ಮುಚ್ಚಿದ ಮೇಲೆ ಅಲ್ಲಿನ ನಿಯಮಗಳೇ ಹೆಚ್ಚಿದ್ದವು. ಬಿಚ್ಚಿದ ಸಾಮಾನು ಸಾಗಿಸುವ ಎರಡು ಲಾರಿಗಳು ಹಿಂದಿನ ರಾತ್ರಿ ಹಾವೇರಿಯ ಹೊರಗಿನ ಗೋದಾಮಿನಲ್ಲಿ ತಂಗಿದ್ದವು. ಎರಡೂ ಬೇರೆ ಬೇರೆ ದಾರಿಯಲ್ಲಿ ರಾಣೆಬೆನ್ನೂರು ಸೇರಬೇಕು. ಒಂದಕ್ಕೆ ದುರ್ಗೇಶನ ಕಾವಲು, ಇನ್ನೊಂದಕ್ಕೆ ಅವನ ಗೆಳೆಯ ರಫೀಕನದು. ಯಾರ ದಾರಿ ಯಾರಿಗೂ ಹೇಳುವಂತಿಲ್ಲ.

"ಸರ್, ಹೆತ್ತವ್ವ ಹೋದಮ್ಯಾಲ ನನಗ ರೊಟ್ಟಿ ಹಾಕಿ ಬೆಳೆಸಿದಾಕಿ ರಿ," ಎಂದ ದುರ್ಗೇಶ.

ರಫೀಕ ಮುಂದೆ ಬಂದ. "ಅದ್ಲಾಬದ್ಲಿ ಮಾಡ್ರಿ ಸರ್. ನನ್ನ ಲಾರಿ ಮದಲ ಬಿಡತೈತಿ. ಅದರಾಗ ಇಂವಾ ಹೋಗ್ಲಿ, ಲಗೂ ಮುಟ್ತಾನ."

"ಆಗಲ್ಲ ಕಣ್ರೀ," ಎಂದ ಮೈಸೂರು ಕಡೆಯ ಚೇತನಕುಮಾರ. "ಪಾಸಿನಲ್ಲಿ ಲಾರಿಗೊಬ್ಬ ಕಾವಲುಗಾರನ ಹೆಸರಿದೆ. ಒಳಗೇನಿದೆ ಅಂತ ಹೇಳಬಾರದು. ಯಾರನ್ನೂ ಹತ್ತಿರ ಬಿಡಬಾರದು. ಲಾರಿ ಬಿಟ್ಟು ಕದಲಬಾರದು. ಮಧ್ಯಾಹ್ನದೊಳಗೆ ರಾಣೆಬೆನ್ನೂರು ಸೇರ್ತೀರಿ, ಅಲ್ಲಿಂದ ಗುತ್ತಲದ ಬಸ್ಸು ಹತ್ತಿ. ಏನವಸರ?"

ಲಾರಿ ಹೊರಟಿತು. ಮೋಟೆಬೆನ್ನೂರ ಕ್ರಾಸಿಗೆ ಬರುತ್ತಲೇ ಕೆಮ್ಮಿ, ಉಬ್ಬಸದ ಮುದುಕನಂತೆ ನಿಟ್ಟುಸಿರುಬಿಟ್ಟು ನಿಂತಿತು.

ಚಾಲಕ ಖಲಂದರ ಇಳಿದು ನೋಡಿದ. "ಬೆಲ್ಟ್ ಹರೀತು, ಭಾಯಿ."

ರಸ್ತೆಯ ಆಚೆಗೇ ಒಂದು ಗ್ಯಾರೇಜು. ಅದರ ಮೇಸ್ತ್ರಿ ಕರೆಯುವ ಮೊದಲೇ ಪಾನಾ ಹಿಡಿದು ಬಂದ. "ಸರೀರಿ, ಚಹಾ ಕುಡ್ಯೂದ್ರಾಗ ಹೊಸಾದು ಹಾಕತೇನಿ."

ಆ ಗಳಿಗೆಯಲ್ಲಿ ಆ ಮೇಸ್ತ್ರಿ ದುರ್ಗೇಶನಿಗೆ ದೇವರಂತೆ ಕಂಡ. ಆದರೆ ದೇವರ ಹತ್ತಿರ ಪಾಸು ಇರಲಿಲ್ಲ.

"ದೂರ ನಿಲ್ರಿ! ಮುಟ್ಟಬ್ಯಾಡ್ರಿ!" ಎಂದು ದುರ್ಗೇಶ ತನ್ನ ಬಂದೂಕನ್ನು ಅಡ್ಡ ಹಿಡಿದು, ತನ್ನನ್ನು ಉಳಿಸಲು ಬಂದವನನ್ನೇ ಅಟ್ಟಿದ. ಖಲಂದರ ವೈರ್‌ಲೆಸ್ಸಿನಲ್ಲಿ ಕೂಗಿದ. ಪಾಸು ಇರುವ ಮೇಸ್ತ್ರಿ ಹುಬ್ಬಳ್ಳಿಯಿಂದ ಬರುತ್ತಾನೆ, ಕಾಯಿರಿ ಎಂದು ಉತ್ತರ ಬಂತು.

ಸೂರ್ಯ ನೆತ್ತಿಗೆ ಬಂದ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆ ಘಾಟಿಗೆ ಕ್ರಾಸಿನಲ್ಲಿ ನಿಂತವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಳಗಿನಿಂದ ಅಳು ತಡೆದಿದ್ದ ದುರ್ಗೇಶ ಇದೇ ಸರಿಯಾದ ವೇಳೆಯೆಂದು ಲಾರಿಗೆ ಒರಗಿ ಮನಸಾರೆ ಅತ್ತ.

ಆದರೆ ಮೆಣಸಿನಕಾಯಿಯ ಕಣ್ಣೀರು ಯಾವುದು, ಸಂಕಟದ ಕಣ್ಣೀರು ಯಾವುದು ಎಂದು ದುರಗವ್ವನಿಗೆ ತಿಳಿಯದೆ? ಗುತ್ತಲದಲ್ಲಿ ಹುಟ್ಟಿ ಮೋಟೆಬೆನ್ನೂರಿಗೆ ಸೊಸೆಯಾಗಿ ಬಂದ ಮುದುಕಿ ಆಕೆ. ಬುಟ್ಟಿ ಇಳಿಸಿ ಹತ್ತಿರ ಬಂದಳು.

"ಗುತ್ತೆವ್ವನ ದುರ್ಗ್ಯಾ ಅಲ್ಲೇನೋ ನೀ? ಯಾಕೋ ನನ್ನಪ್ಪಾ?"

"ದೊಡ್ಡವ್ವ ಹ್ವಾದ್ಳು, ಅತ್ತಿ."

"ಅಯ್ಯ ಶಿವನ!" ಆಕೆಯ ಕಣ್ಣು ತಾಡಪತ್ರಿ ಹೊದಿಸಿ ಬಿಗಿದ ಲಾರಿಯ ಮೇಲೆ ಬಿತ್ತು. "ಒಳಗ ಏನೈತೋ?"

"ಹೇಳಾಕ ಬರೂದಿಲ್ಲ."

"ನೋಡಲೇನು?"

"ಬ್ಯಾಡ ಅತ್ತಿ, ಕೈ ಮುಗೀತೇನಿ, ಹತ್ರ ಬರಬ್ಯಾಡ."

ದುರಗವ್ವನಿಗೆ ಎಲ್ಲವೂ ತಿಳಿಯಿತು. ಎದೆ ಬಡಿದುಕೊಂಡು ಕೂಗಿದಳು: "ಬರ್ರೆವ್ವಾ ಬರ್ರಿ, ನಮ್ಮ ಗುತ್ತೆವ್ವನ್ನ ತಂದಾರ! ದಾರ್‍ಯಾಗ ಗಾಡಿ ಕೆಟ್ಟು ನಿಂತೈತಿ!"

ಗಳಿಗೆಯಲ್ಲಿ ಕ್ರಾಸೇ ಸಾವಿನ ಮನೆಯಾಯಿತು. ಯಾರೋ ಹೂವಿನ ಮಾಲೆ ತಂದರು, ಯಾರೋ ಊದಿನಕಡ್ಡಿ ಹಚ್ಚಿದರು. ಹೆಣದ ಮೇಲೆ ತೂರುವ ಚುರಮುರಿ ಲಾರಿಯ ಮೇಲೆ ಹಾರಿ ದುರ್ಗೇಶನ ಟೋಪಿಯಲ್ಲಿ ನಿಂತಿತು. ಕಾಗಿನೆಲೆಗೆ ನಡೆದು ಹೊರಟಿದ್ದ ಭಜನಾ ಮೇಳವೊಂದು, ಇದೂ ಪುಣ್ಯದ ಕೆಲಸವೆಂದು ಅಲ್ಲಿಯೇ ಕುಳಿತು ತಾಳ ಹಾಕತೊಡಗಿತು.

"ಹಿಂದ ಸರೀರಿ! ಬೆಂಕಿ ತರಬ್ಯಾಡ್ರಿ!" ದುರ್ಗೇಶ ಲಾರಿಯ ಸುತ್ತ ಓಡಿದ. ಅವನು ಪ್ರದಕ್ಷಿಣೆ ಹಾಕುತ್ತಿದ್ದಾನೆಂದು ತಿಳಿದು ನಾಲ್ಕು ಮಂದಿ ಅವನ ಹಿಂದೆ ಸುತ್ತಿದರು.

ಪಟಕಾ ಸುತ್ತಿದ ಅಜ್ಜನೊಬ್ಬ, ಲಾರಿಯ ಹಿಂಬದಿಯಲ್ಲಿ ಅಪಾಯ ಸೂಚಿಸಲು ಬರೆದಿದ್ದ ಮೂರು ದಳದ ಗುರುತು ನೋಡಿ ಕೈಮುಗಿದ. "ಬಿಲ್ವಪತ್ರಿ ಬರಸ್ಯಾರ ನೋಡ್ರಿ. ಸರಕಾರದವ್ರಿಗೂ ಭಕ್ತಿ ಐತಿ. ಆದ್ರ ತಮ್ಮಾ, ಹೆಣಕ್ಕ ಬಂದೂಕ ಯಾಕ?"

"ಮೈಮ್ಯಾಲ ಬಂಗಾರ ಇದ್ದೀತು, ಸುಮ್ನಿರಪಾ," ಎಂದಳು ದುರಗವ್ವ. ಬಳಿಕ ಸೆರಗು ಬಿಗಿದು, "ಒಂದ್ ಸಲ ಮುಖಾ ತೋರಸೋ ದುರ್ಗ್ಯಾ. ಕೂಡಿ ಆಡಿದಾಕಿ ನಾ," ಎಂದು ತಾಡಪತ್ರಿಯ ಹಗ್ಗಕ್ಕೆ ಕೈ ಹಾಕಿದಳು. ಹಿಂದೆ ಇನ್ನೂ ಹತ್ತು ಕೈಗಳು ಬಂದವು.

ದುರ್ಗೇಶನ ಜೀವ ಬಾಯಿಗೆ ಬಂತು. "ಬಿಚ್ಚಿದ್ರ ಎಲ್ಲಾರೂ ಸಾಯತೀರಿ!"

ತಾಳ ನಿಂತಿತು. ಕೈಗಳು ಹಿಂದೆ ಸರಿದವು. "ದೊಡ್ಡ ರೋಗ ಬಂದು ಸತ್ತಾಳಪಾ," ಎಂದು ಅಜ್ಜ ಪಿಸುಗುಟ್ಟಿದ. ಜನ ರಸ್ತೆಯ ಆಚೆಗೆ ಓಡಿದರು. ಆದರೂ ಸತ್ತವಳನ್ನು ಒಂಟಿಯಾಗಿ ಬಿಡಬಾರದೆಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಲ್ಲಿಂದಲೇ ಭಜನೆ ಮುಂದುವರಿಸಿದರು.

ಪಾಸಿನ ಮೇಸ್ತ್ರಿ ಬಂದಾಗ ನೆರಳು ಉದ್ದವಾಗಿತ್ತು. ಆತ ಚಹಾ ಕುಡಿಯುವಷ್ಟರಲ್ಲಿ ಬೆಲ್ಟು ಹಾಕಿದ. ಲಾರಿ ರಾಣೆಬೆನ್ನೂರ ಅಂಗಳಕ್ಕೆ ತಿರುಗುವಾಗ ಸೂರ್ಯ ಮುಳುಗಿದ. ದುರ್ಗೇಶ ಪಡುವಣ ನೋಡಲಿಲ್ಲ. ತನ್ನ ಖಾಲಿ ಅಂಗೈ ನೋಡಿಕೊಂಡ.

ಅಂಗಳದಲ್ಲಿ ರಫೀಕನ ಲಾರಿ ಆಗಲೇ ನಿಂತಿತ್ತು. ಚೇತನಕುಮಾರ ಕೆಂಡವಾಗಿದ್ದ. ತನ್ನ ಫೋನನ್ನು ದುರ್ಗೇಶನ ಮೂಗಿಗೆ ಹಿಡಿದ.

"ಏನ್ರೀ ಇದು?"

ಗುತ್ತಲದ ಸ್ಮಶಾನದ ಚಿತ್ರ. ಕುಣಿಯ ಅಂಚಿನಲ್ಲಿ ಕಾವಲಿನ ಸಮವಸ್ತ್ರ, ಟೋಪಿ, ಮುಖಗವಸು ಹಾಕಿದ ಒಬ್ಬ ಬಗ್ಗಿ ಮಣ್ಣು ಹಾಕುತ್ತಿದ್ದಾನೆ. ಕೆಳಗೆ ಯಾರೋ ಬರೆದಿದ್ದರು: 'ಡ್ಯೂಟಿ ಬಿಟ್ಟು ಓಡಿ ಬಂದ ಮಗ ದುರ್ಗೇಶ.'

"ನಿಮ್ಮ ಲಾರಿಯಲ್ಲಿ ಖಾಲಿ ಪೀಪಾಯಿ ಇತ್ತು, ಅದು ಬೇರೆ ಮಾತು. ಕಳ್ಳರ ಕಣ್ಣು ಅದರ ಮೇಲಿರಲಿ ಅಂತ ಹೆದ್ದಾರಿಯಲ್ಲಿ ಕಳಿಸಿದ್ದು. ನಿಜವಾದ ಸಾಮಾನು ಗುತ್ತಲದ ಮೇಲೆ ರಫೀಕರ ಜೊತೆ ಬಂತು. ಆದರೆ ಖಾಲಿ ಲಾರಿಯಾದರೂ ಬಿಟ್ಟು ಹೋಗೋದು ತಪ್ಪೇ!"

"ಸರ್, ಇಂವಾ ದಿನಾ ಪೂರಾ ನನ್ನ..." ಎಂದು ಖಲಂದರ ಬಾಯಿ ತೆರೆದ. ದುರ್ಗೇಶ ಅವನ ಕಾಲು ತುಳಿದ.

ಅವನು ರಫೀಕನನ್ನು ನೋಡಿದ್ದ. ರಫೀಕ ತಲೆ ತಗ್ಗಿಸಿದ್ದ. ಅವನ ಉಗುರುಗಳಲ್ಲಿ ಗುತ್ತಲದ ಎರೆಮಣ್ಣು ಕಪ್ಪಗೆ ಕೂತಿತ್ತು. ಖಾಲಿ ಲಾರಿ ಬಿಟ್ಟವನಿಗೆ ಕೆಲಸ ಹೋಗುತ್ತದೆ. ತುಂಬಿದ ಲಾರಿ ಬಿಟ್ಟವನಿಗೆ ಜೈಲಾದೀತು.

"ಹೌದ್ರಿ ಸರ್," ಎಂದ ದುರ್ಗೇಶ. "ನಾನ ಹೋಗಿದ್ದೆ."

"ನಾಳೆಯಿಂದ ಬರಬೇಡಿ," ಎಂದು ಚೇತನಕುಮಾರ ಅವನ ಫೋನು ಕೊಟ್ಟು ನಡೆದ.

ಫೋನು ಕೈಗೆ ಬಂದ ಕೂಡಲೇ ರಿಂಗಾಯಿತು. ಹುಲಿಗೇಶ ಬೈದ: "ಬಂದಿ, ಛಲೋ ಆತು. ಆದ್ರ ಒಂದ್ ಮಾತೂ ಆಡದ ಹ್ವಾದೆಲ್ಲೋ! ನೌಕರಿ ಐತಂತ ಇಷ್ಟು ಸೊಕ್ಕೇನು?"

ಬಸ್‌ಸ್ಟ್ಯಾಂಡಿನವರೆಗೆ ರಫೀಕ ಜೊತೆಗೆ ಬಂದ.

"ಹೆಣಾ ಹೊತ್ತವ್ರು ದಾರಿ ತುಂಬ ಇದ್ರು ದೋಸ್ತ, ಲಾರಿ ನಿಂತು ಬಿಡ್ತು. ಸರಸಾಕಂತ ಇಳದ್ರ, ನಿಮ್ಮ ಮಾವ, ಕಣ್ಣು ಮಂಜ ಪಾಪ, 'ಬಂದೇನೋ' ಅಂತ ತೆಕ್ಕಿ ಬಡದು ಕುಣಿ ತನಕ ಎಳಕೊಂಡ ಹ್ವಾದ. ನಾ ಯಾರಂತ ಹೇಳಿದ್ರ, ಇಲ್ಲಿಗ್ಯಾಕ ಬಂದಿ ಅಂತಾರ, ಅದನ್ನ ಹೇಳೂಹಂಗಿಲ್ಲ. ನಮ್ಮಾಗ ಮೂರು ಹಿಡಿ ಹಾಕತೇವಿ. ಮೂರು ಹಾಕಿದೆ. ಎಲ್ಲಾ ನಿನ್ನ ಹೆಸರಲೇ."

ದುರ್ಗೇಶ ರಫೀಕನ ಕೈ ಹಿಡಿದ. ಮಣ್ಣು ಮೆತ್ತಿದ ಆ ಕೈಯನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡ. ಇಲ್ಲಿ ಮೆಣಸಿನಕಾಯಿ ಘಾಟು ಇರಲಿಲ್ಲ; ಆದರೂ ಇಬ್ಬರೂ ಕಣ್ಣು ಒರೆಸಿಕೊಂಡರು. ಬಳಿಕ ದುರ್ಗೇಶ ಗುತ್ತಲದ ದಿಕ್ಕಿಗೆ ತಿರುಗಿ ಕೈಮುಗಿದ.

"ಶಿವನ, ನಮ್ಮ ದೊಡ್ಡವ್ವಗ ಶಾಂತಿ ಕೊಡು. ತನ್ನ ಬಾಗಲಕ್ಕ ಬಂದವ್ರನ್ನ ನೀ ಯಾರು, ಎಲ್ಲಿಯವ ಅಂತ ಆಕಿ ಎಂದೂ ಕೇಳಿದಾಕಿ ಅಲ್ಲ. ನೀನೂ ಆಕೀನ ಏನೂ ಕೇಳದ ಒಳಗ ಕರಕೋ."