ಕುಂಟಹುಲಿ ಬಿಡುಗಡೆ

ಹೊಂಗೆಕೊಪ್ಪಲಿನ ಹಾಲಿನ ಡೇರಿಯ ಸೆಕ್ರೆಟರಿ ಮಹೇಂದ್ರನಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದ ಚಟ ಒಂದೇ. ಪುಸ್ತಕಗಳ ಬಗ್ಗೆ ಯಾರು ಎಲ್ಲಿ ಏನು ಬರೆದಿದ್ದರೂ ಮೊಬೈಲಿನಲ್ಲಿ ಹುಡುಕಿ ತೆಗೆದು, ಓದಿ, ಡೇರಿಯ ವಾಟ್ಸಾಪ್ ಗುಂಪಿಗೆ ಹಾಕುವುದು. ಹಿಂಡಿ ಮೂಟೆ ಬಂದ ಸುದ್ದಿ, ಕೆಚ್ಚಲು ಬಾವಿನ ಔಷಧಿ, ಇವುಗಳ ನಡುವೆ ಕಾದಂಬರಿಯ ವಿಮರ್ಶೆಯೊಂದು ಕರೆಯದೆ ಬಂದ ನೆಂಟನ ಹಾಗೆ ಸಪ್ಪಗೆ ಕೂತಿರುತ್ತಿತ್ತು. ಊರಿನವರು ತಲೆಬರಹ ನೋಡುತ್ತಿದ್ದರೇ ಹೊರತು ಒತ್ತಿ ಒಳಗೆ ಹೋದದ್ದಿಲ್ಲ. ಮಹೇಂದ್ರನೂ ಹಾಕುವುದನ್ನು ಬಿಟ್ಟಿರಲಿಲ್ಲ.

ಅವತ್ತು ಬೆಳಿಗ್ಗೆ ಹಾಕಿದ ಲೇಖನ ಮಾತ್ರ ಅವನಿಗೆ ಬಹಳ ಹಿಡಿಸಿತ್ತು. ‘ಕುಂಟಹುಲಿ’ ಎಂಬ ಹೊಸ ಕಾದಂಬರಿಯ ಬಗ್ಗೆ. ಬರೆದವರು ಇದೇ ಸೀಮೆಯವರು. ತಲೆಬರಹ ಹೀಗಿತ್ತು: ‘ಕೊನೆಗೂ ಕುಂಟಹುಲಿ ಬಿಡುಗಡೆ: ಕಾಡಂಚಿನವರು ತಪ್ಪಿಸಿಕೊಳ್ಳುವಂತಿಲ್ಲ.’ ಅದರ ಕೆಳಗೆ ಮಹೇಂದ್ರ ತನ್ನದೂ ನಾಲ್ಕು ಮಾತು ಸೇರಿಸಿದ: ‘ನಾನು ರಾತ್ರಿಯೇ ನೋಡಿದೆ. ಮೈ ಜುಮ್ಮೆಂದಿತು. ನಮ್ಮೂರಿಗೆಂದೇ ಬಿಟ್ಟಂತಿದೆ.’

ಆಮೇಲೆ ಹೋಗಿ ಡೇರಿ ಬಾಗಿಲು ತೆಗೆದ. ಹಾಲು ಹಾಕಲು ಒಂದು ನರಪಿಳ್ಳೆಯೂ ಬರಲಿಲ್ಲ. ಬೀದಿಯಲ್ಲಿ ಕೋಳಿ ಸಹ ಇಲ್ಲ. ಎದುರು ಮನೆಯ ಕಿಟಕಿ ಬೆರಳು ತೂರುವಷ್ಟು ತೆರೆದು, ಪುಟ್ಟತಾಯಮ್ಮನ ಒಂದು ಕಣ್ಣು ಮಾತ್ರ ಕಾಣಿಸಿತು.

“ಲೇ ಮಹೇಂದ್ರ, ಮೊಬೈಲಲ್ಲಿ ಆಕಿದ್ದೀಯಲ್ಲ, ನೀನೇ ನೋಡ್ದೇನ್ಲಾ?”

ಮಹೇಂದ್ರನ ಎದೆ ಅರಳಿತು. ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರು!

“ಊಂ ಕಣತ್ತೆ, ರಾತ್ರಿನೇ ನೋಡ್ದೆ.”

“ಎಲ್ಲಿ?”

“ಮನೇಲೇ. ಆಸಿಗೆ ಮೇಲೆ ಮಲೀಕಂಡಿದ್ದೆ, ಕಣ್ಮುಂದೆ ಬಂದ್ಬುಡ್ತು.”

“ಅಯ್ಯೋ ಸಿವನೇ! ಪವಿತ್ರ ಏನ್ ಮಾಡುದ್ಲಪ್ಪ?”

“ಅವ್ಳಿಗೆ ಇದೆಲ್ಲ ರುಚಿಸಲ್ಲ. ಆ ಕಡೆ ತಿರುಗಿ ಗೊರಕೆ ಒಡುದ್ಲು.”

“ಗಟ್ಟಿಗಿತ್ತಿ ಬುಡು... ದಪ್ಪಗದಾ?”

“ದಪ್ಪಗೇ ಅದಂತೆ. ಆದ್ರೆ ಒಂದ್ಸಲ ಇಡುದ್ರೆ ಬುಡಕಿಲ್ಲ ಕಣತ್ತೆ, ಎಳ್ಕಂಡೇ ಓಯ್ತದೆ!”

ಕಿಟಕಿ ಪಟಾರನೆ ಮುಚ್ಚಿಕೊಂಡಿತು. ಒಳಗಿಂದ ಅಗುಳಿ ಬಿದ್ದ ಸದ್ದು, ಅದರ ಹಿಂದೆಯೇ ಒನಕೆಯನ್ನು ಬಾಗಿಲಿಗೆ ಒರಗಿಸಿದ ಸದ್ದು.

ಏನೋ ಎಡವಟ್ಟಾಗಿದೆ ಎಂದು ಮೊಬೈಲ್ ತೆಗೆದು ನೋಡಿದರೆ ಗುಂಪಿನಲ್ಲಿ ಜಾತ್ರೆ. ‘ದನ ಹೊರಗೆ ಬಿಡಬೇಡಿ.’ ‘ಸ್ಕೂಲಿಗೆ ರಜೆ ಕೊಡಿ.’ ‘ಮಹೇಂದ್ರಣ್ಣನ ಮನೆ ಒಳಗೇ ನುಗ್ಗಿತ್ತಂತೆ.’ ಯಾರೋ ಬಿಳಿಕೆರೆಯ ನೆಂಟರಿಗೆ ಕಳಿಸಿದ್ದರು, ಅಲ್ಲಿ ಅದು ಎರಡು ಹುಲಿಯಾಗಿತ್ತು. ಭೇರ್ಯ ತಲುಪುವ ಹೊತ್ತಿಗೆ ಮರಿಗಳೂ ಹುಟ್ಟಿದ್ದವು. ಹುಣಸೂರಿನ ಬಸ್ಸು ಊರ ಬಾಗಿಲಲ್ಲೇ ತಿರುಗಿಸಿಕೊಂಡು ಹೋಯಿತು.

ಮಹೇಂದ್ರ ಡೇರಿಯ ಬಾಗಿಲನ್ನು ಅರ್ಧ ಎಳೆದುಕೊಂಡ. ಅವನು ಹುಟ್ಟಾ ಪುಕ್ಕಲ, ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುವವನು. ಅಷ್ಟರಲ್ಲಿ ಡೇರಿ ಅಧ್ಯಕ್ಷ ದೊಡ್ಡಮಾದಯ್ಯ ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಟಾರ್ಚು ಹಿಡಿದು ಬಂದ. ಹಗಲಲ್ಲಿ ಟಾರ್ಚು ಯಾಕೆ ಎಂದು ಕೇಳುವ ಧೈರ್ಯ ಯಾರಿಗಿತ್ತು?

“ಎಲ್ಲೋ ಹುಲಿ?”

“ಹುಲಿ ಇಲ್ಲ ದೊಡ್ಡಪ್ಪ. ಅದು ಪುಸ್ತಕ. ಪುಸ್ತಕ ಬಿಡುಗಡೆ ಆಗದೆ.”

“ಪುಸ್ತಕಾನ ಯಾಕ್ಲಾ ಬಿಡುಗಡೆ ಮಾಡಾರು? ಅದೇನ್ ಬೋನಲ್ಲಿತ್ತಾ?”

“ಅಂಗಲ್ಲ ದೊಡ್ಡಪ್ಪ, ಅಚ್ಚಾಗಿ ಈಚೆಗೆ ಬಂದ್ರೆ ಅಂಗನ್ನಾದು.”

ದೊಡ್ಡಮಾದಯ್ಯ ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿದ. “ಹಾಲಿನ ವ್ಯಾನು ಖಾಲಿಯಾಗೇ ವಾಪಸ್ ಹೋಯ್ತು. ಊರಲ್ಲಿ ಹಸ ಎಲ್ಲ ಹುಲ್ಲಿಲ್ದೆ ಒದರ್ತಾ ಅವೆ. ಯಾರೋ ಪೊಲೀಸ್ಗೂ ಫೋನ್ ಮಾಡವ್ರಂತೆ, ಸುಳ್ಸುದ್ದಿ ಅಬ್ಸಿದ್ರೆ ಒಳೀಕಾಕ್ತಾರೆ. ಕೇಳು ಇಲ್ಲಿ. ಸಂಜೆಗೆ ಹಾಲು ಬರ್ನಿಲ್ಲ ಅಂದ್ರೆ ನಾಳಿಂದ ನಿಂಗೇ ಬಿಡುಗಡೆ.”

ಆ ಕೆಲಸ ಹೋದರೆ ಮಹೇಂದ್ರನಿಗೆ ಬೇರೆ ಗತಿ ಇರಲಿಲ್ಲ. ಡೇರಿಯ ಮೈಕು ಹಾಕಿದ. ಹೊರಗೆ ಬಂದು ಒಬ್ಬೊಬ್ಬರಿಗೆ ಹೇಳಲು ಅವನಿಗೂ ಭಯವೇ, ಹುಲಿಯದಲ್ಲ, ಜನರದು. ಇಡೀ ಲೇಖನ ಓದಿದ. ಕಾದಂಬರಿಯ ಕತೆ, ಭಾಷೆಯ ಸೊಗಸು, ಮುಖಪುಟದ ಚಿತ್ರ, ಅಚ್ಚಿನ ತಪ್ಪುಗಳು, ಒಂದನ್ನೂ ಬಿಡಲಿಲ್ಲ. ಹೊಂಗೆಕೊಪ್ಪಲಿನ ಜನ ಹೆದರಿಕೆಯ ದೆಸೆಯಿಂದ ಮೊಟ್ಟಮೊದಲ ಬಾರಿಗೆ ಪೂರ್ತಿ ವಿಮರ್ಶೆಯೊಂದನ್ನು ಕೇಳಿದರು.

ಮೊದಲು ಒಂದು ಬಾಗಿಲು ತೆರೆಯಿತು, ಆಮೇಲೆ ಇನ್ನೊಂದು. ಪುಟ್ಟತಾಯಮ್ಮ ಒನಕೆ ಸಮೇತ ಬೀದಿಗೆ ಬಂದು ನಕ್ಕಳು. “ಥೂ ನಿನ್ನ, ಬುಕ್ಕಿಗೆ ಎದ್ರಿ ನಾನು ಕಾಪಿನೂ ಕುಡೀನಿಲ್ಲ ಕಣ್ಲಾ!” ಹೆಂಗಸರು ಕುಡುಗೋಲು ಹಿಡಿದು ಕೆರೆ ಕಡೆ ಹುಲ್ಲಿಗೆ ಹೊರಟರು. ಪುಟ್ಟತಾಯಮ್ಮನಿಂದ ಎಲ್ಲ ಕೇಳಿ ತಿಳಿದಿದ್ದ ಪವಿತ್ರ ಡೇರಿ ಮುಂದೆ ಹಾದು ಹೋಗುತ್ತಾ ಗಂಡನನ್ನು ಒಮ್ಮೆ ದುರುಗುಟ್ಟಿದಳು. “ನಾನು ಗೊರಕೆ ಒಡೀತೀನಾ? ಮನೆಗೆ ಬನ್ನಿ, ಐತೆ ನಿಮ್ಗೆ.”

ಬೈಸಿಕೊಂಡರೂ ಮಹೇಂದ್ರನಿಗೆ ಹೋದ ಜೀವ ಬಂದಂತಾಯಿತು. ಸಂಜೆ ಹಾಲು ಬರುತ್ತದೆ, ಕೆಲಸ ಉಳಿಯುತ್ತದೆ. ಕ್ಯಾನುಗಳನ್ನು ತೊಳೆಯಲು ಕೂತ.

ಆಗ ಒಂದು ಜೀಪು ಬಂದು ನಿಂತಿತು. ಇಳಿದವನ ಅಂಗಿ ಪಂಚೆಗೆಲ್ಲ ಕೆಸರು ಮೆತ್ತಿತ್ತು.

“ನಾನು ಗೋವಿಂದಯ್ಯ, ಫಾರೆಸ್ಟರ್. ಹೊಸದಾಗಿ ಬಂದಿದೀನಿ, ಯೂನಿಫಾರಂ ಇನ್ನೂ ಹೊಲಿಸಿಲ್ಲ. ಬೆಳಿಗ್ಗೆ ಹುಲಿ ಮೆಸೇಜ್ ಹಾಕಿದೋರು ನೀವಾ?”

ಮಹೇಂದ್ರ ಕೈಮುಗಿದ. “ತಪ್ಪಾಯ್ತು ಸಾರ್. ಅದು ಬರೀ ಪುಸ್ತಕ ಅಂತ ಮೈಕಲ್ಲಿ ಊರಿಗೆಲ್ಲ ಹೇಳ್ಬುಟ್ಟಿದ್ದೀನಿ. ಎಲ್ಲಾ ಹುಲ್ಲಿಗೆ ಹೋದ್ರು.”

ಗೋವಿಂದಯ್ಯ ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕುಸಿದು ಕೂತ.

“ಯಾಕ್ ಸ್ವಾಮಿ ಹೇಳಕೋದ್ರಿ? ಮೆಸೇಜ್ ನೋಡಿ, ಜನಕ್ಕೆ ಆಗ್ಲೇ ತಿಳಿದದೆ, ಬಾಗಿಲು ಹಾಕ್ಕೊಂಡವ್ರೆ ಅಂತ ಧೈರ್ಯವಾಗಿ ಬೆಳಿಗ್ಗೆಯಿಂದ ಹುಡುಕ್ತಾ ಇದ್ವಿ. ಹೆಜ್ಜೆ ನಿಮ್ಮೂರ ಕೆರೆ ತಂಕ ಬಂದದೆ. ಒಂದು ಮುಂಗಾಲು ಎಳ್ಕೊಂಡ್ ನಡೀತಾ ಅದೆ.” ದನಿ ತಗ್ಗಿಸಿದ. “ಅಲ್ಲ, ಅದು ಕುಂಟು ಅಂತ ನಿಮಗೆ ರಾತ್ರಿನೇ ಹೆಂಗ್ ಗೊತ್ತಾಯ್ತು?”

ಮಹೇಂದ್ರನ ಕೈಯಿಂದ ಕ್ಯಾನಿನ ಮುಚ್ಚಳ ಜಾರಿತು. ಕೆರೆ ಕಡೆ ಹೋದವರಲ್ಲಿ ಪವಿತ್ರ ಇದ್ದಳು. ಮೈಕಿಗೆ ಹಾರಿದ. ಕರೆಂಟು ಹೋಗಿತ್ತು. ‘ಹುಲಿ ನಿಜ! ವಾಪಸ್ ಬನ್ನಿ!’ ಎಂದು ಗುಂಪಿಗೆ ಹಾಕಿದ. ಇಷ್ಟು ವರ್ಷ ಒಂದೂ ಬಾರದಿದ್ದ ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಕೆಳಗೆ ಯಾರೋ ಬರೆದರು: ‘ಎರಡನೇ ಭಾಗವೂ ಬಿಡುಗಡೆ ಆಯ್ತಾ ಸಾರ್?’

ಗೋವಿಂದಯ್ಯ ಬೀದಿಗೆ ಇಳಿದು, ಎದುರು ಬಂದ ದೊಡ್ಡಮಾದಯ್ಯನಿಗೆ, “ಯಜಮಾನ್ರೇ, ಕುಂಟ ಹುಲಿ ಸಮಾಚಾರ ನನಗೆ ಪೂರ್ತಿ ಗೊತ್ತು, ದಯವಿಟ್ಟು ಹಗುರವಾಗಿ ತಗೋಬೇಡಿ” ಎಂದ.

ದೊಡ್ಡಮಾದಯ್ಯ ಮಚ್ಚು ಕಂಕುಳಿಗೆ ಸಿಕ್ಕಿಸಿಕೊಂಡು ಭಕ್ತಿಯಿಂದ ಕೈಮುಗಿದ. “ಓ, ಬರ್ದೋರು ತಾವೇನಾ ಸಾ! ಮೈಕಲ್ಲಿ ಕೇಳ್ದೋ. ಬಲು ಚೆಂದಾಗದೆ. ಬನ್ನಿ, ಒಂದ್ ಲೋಟ ಕಾಪಿ ಕುಡೀರಿ.”

ಮಹೇಂದ್ರ ಅದನ್ನೆಲ್ಲ ನೋಡುತ್ತಾ ನಿಲ್ಲಲಿಲ್ಲ. ಖಾಲಿ ಕ್ಯಾನಿನ ಮೇಲೆ ಮುಚ್ಚಳದಿಂದ ಬಡಿಯುತ್ತಾ, ಕೆರೆ ಏರಿ ಕಡೆ ಓಡಿದ. ಕೂಗಿದರೆ ಗಂಟಲಿಂದ ಗಾಳಿ ಮಾತ್ರ ಬರುತ್ತಿತ್ತು.

ಹೆಂಗಸರು ಅವನನ್ನು ಕಂಡು ಹುಲ್ಲು ಕೊಯ್ಯುವುದನ್ನು ನಿಲ್ಲಿಸಿದರು. “ಕತೆ ಹೇಳಕೆ ಇಲ್ಗಂಟ ಬಂದವ್ನೆ, ಕುಂತ್ಕಳ್ರವ್ವ” ಎಂದು ಪುಟ್ಟತಾಯಮ್ಮ ಎಲ್ಲರನ್ನೂ ನೆರಳಿಗೆ ಕೂರಿಸಿದಳು. ಪವಿತ್ರಳೂ ಸೆರಗಿನಿಂದ ಬೆವರು ಒರೆಸಿಕೊಂಡು ಕೂತಳು. ಅವರ ಬೆನ್ನ ಹಿಂದೆ ಪೊದೆ ಮೆಲ್ಲಗೆ ಅಲ್ಲಾಡಿತು. ಗಾಳಿ ಇರಲಿಲ್ಲ. ಮಹೇಂದ್ರ ಕೈಯೆತ್ತಿ ಅತ್ತ ತೋರಿಸಿದ. ಕಣ್ಣು ಗುಡ್ಡೆ ಈಚೆಗೆ ಬಂದವು, ಹಲ್ಲು ಕಟಕಟ ಅಂದವು, ಮಾತು ಮಾತ್ರ ಹೊರಡಲಿಲ್ಲ.

“ಅಬ್ಬಬ್ಬಾ!” ಎಂದು ಪುಟ್ಟತಾಯಮ್ಮ ಚಪ್ಪಾಳೆ ತಟ್ಟಿದಳು. “ಎಂಗೆ ಎದ್ರುಕೊಳ್ತಾನೆ ನೋಡ್ರವ್ವ, ಹುಲಿ ಎದ್ರಿಗೇ ಇದ್ದಂಗೆ!”